ಲಾಮಾದ ಬಾಗಿಲು

ಗುರುವಾರ ಸಂಜೆ, ಚರ್ಚಿನ ಪಕ್ಕದ ಸಭಾಂಗಣ.
ನಲವತ್ತು ಕುರ್ಚಿ ಹಾಕಿಸಿದ್ದೆವು; ಬಂದದ್ದು ಹದಿನೇಳು ಜನ,
ಒಂದು ನಾಯಿ.
ಲೋರಿಸ್ ಗೋಡೆಗೆ ನಕ್ಷೆ ಅಂಟಿಸುತ್ತಿದ್ದ,
ಒಂದು ಮೂಲೆ ಒತ್ತಿದರೆ ಇನ್ನೊಂದು ಬಿಟ್ಟುಕೊಳ್ಳುತ್ತಿತ್ತು.
"ಗೋಡೆಯೇ ಓರೆ," ಅಂದಳು ಬೀಗದಕೈ ತಂದ ಇರೀದೆ,
"ನಕ್ಷೆಯದೇನೂ ತಪ್ಪಿಲ್ಲ."

ಬೊಲೋನ್ಯಾದಿಂದ ಮೂರು ತಾಸು ಗುಡ್ಡ ಹತ್ತಿ ಬಂದಿದ್ದೇವೆ
ನೆಲದ ಸಂಗತಿ ಹೇಳಲು, ಈ ನೆಲದ ಮೇಲೇ ಹುಟ್ಟಿದವರಿಗೆ.
ಪ್ರಾಂತ್ಯದ ಭೂಸರ್ವೆ ಎಂದರೆ
ಈ ಕಣಿವೆಯ ಮಟ್ಟಿಗೆ ನಾಲ್ಕು ಜನ, ಎರಡು ಜೀಪು,
ಮರದ ಪೆಟ್ಟಿಗೆಗಳಲ್ಲಿ ಮೀಟರು ಮೀಟರಾಗಿ ಮಲಗಿಸಿಟ್ಟ
ಬೂದು ಜೇಡಿ.
ಬೆಟ್ಟ ಅಗೆದು ಇಲಿ ಹಿಡಿಯುವುದು ನಮಗೆ ಗಾದೆಯಲ್ಲ,
ಸಂಬಳ.
ಆ ಇಲಿ ವರ್ಷಕ್ಕೆ ಹನ್ನೊಂದು ಮಿಲಿಮೀಟರು ಓಡುತ್ತದೆ.

ಎದ್ದು ನಿಂತು ಶುರುಮಾಡಿದೆ:
ಹಸಿರು ಎಂದರೆ ನಿಂತ ನೆಲ. ಹಳದಿ, ನಿದ್ದೆ ಹೋದದ್ದು.
ಕೆಂಪು...
ಅಷ್ಟರಲ್ಲಿ ಎಲ್ಲರ ಬೆರಳೂ ಕಾಗದದ ಮೇಲೆ,
ತಂತಮ್ಮ ಸೂರು ಹುಡುಕುತ್ತ.
"ನನ್ನ ಕೊಟ್ಟಿಗೆ ಹಳದಿ, ಮನೆ ಕೆಂಪು.
ದನಗಳ ಜೊತೆ ಮಲಗಲೇನು?"
"ಇದನ್ನು ನೋಡಿದ ಮೇಲೆ ಮನೆ ಕೊಳ್ಳುವವರು ಯಾರು?"
"ಮೊದಲಾದರೂ ಯಾರಿದ್ದರು?" ಹಿಂದಿನ ಸಾಲಿನಿಂದ ಉತ್ತರ.
ನಗು. ನಾಯಿ ಎದ್ದು ಜಾಗ ಬದಲಿಸಿತು.

ಊರಿನ ಹೆಸರಲ್ಲೇ ಇದೆಯಲ್ಲ, ಅಂದೆ.
ಲಾಮಾ ಎಂದರೆ ನಿಮ್ಮ ಹಿರಿಯರ ಮಾತಿನಲ್ಲಿ ಜಾರಿದ ನೆಲ.
ಹೆಸರಿಟ್ಟವರಿಗೆ ಗೊತ್ತಿತ್ತು.
ಕೂಗಿ ಕೂಗಿ ಸವೆಸಿದ್ದು ಆಮೇಲಿನವರು.

ಸಭೆ ಮುಗಿಯುವ ತನಕ ತುಟಿ ಬಿಚ್ಚದ ಅದೆಲ್ಮೋ
ಚೆಸ್ಟ್‌ನಟ್ ಹಿಟ್ಟಿನ ಕೇಕು ಎರಡು ತುಂಡು ಜೇಬಿಗಿಳಿಸಿ
"ಬನ್ನಿ" ಅಂದ. ಟಾರ್ಚು ಹಿಡಿದು ಮುಂದೆ ನಡೆದ.
ನೆಲಮಾಳಿಗೆ. ವೈನಿನ ಹುಳಿ, ಹಳೆ ಗೋಣಿಯ ವಾಸನೆ.
ನಮ್ಮನ್ನು ಒಳಗೆ ಬಿಟ್ಟುಕೊಂಡು ಬಾಗಿಲು ಮುಚ್ಚಿದ,
ಅದರ ಬೆನ್ನಿಗೆ ಬೆಳಕು ಹಿಡಿದ.

ಸೀಸದ ಕಡ್ಡಿಯಲ್ಲಿ ತಾರೀಖುಗಳು,
ಎಂಬತ್ತಾರರ ಮಾರ್ಚಿನಿಂದ.
ಚೌಕಟ್ಟಿಗೆ ಕಚ್ಚಿಕೊಂಡಾಗಲೆಲ್ಲ
ಉಜ್ಜುಗೊರಡು ಹಿಡಿದು ಕೀಸಿದ್ದಾನೆ,
ಎಷ್ಟು ಕೀಸಿದೆ ಎಂದು ಪಕ್ಕದಲ್ಲಿ:
ನಾಣ್ಯದ ದಪ್ಪ. ಬೆಂಕಿಕಡ್ಡಿ. ಎರಡು ಬೆಂಕಿಕಡ್ಡಿ.
ತೊಂಬತ್ತಾರು, ಹಿಮ ಕರಗಿದ ಮೇಲೆ: ಕಿರುಬೆರಳು.
ಒಂದು ಕಡೆ, "ಕಾಲು ಮುರಿದಿತ್ತು, ಮಗಳು ಕೀಸಿದಳು,
ಹೆಚ್ಚಾಯಿತು."

"ಮರವಲ್ಲವೇ," ಲೋರಿಸ್ ಮೆಲ್ಲಗೆ, "ಥಂಡಿಗೆ ಉಬ್ಬಿರಬಹುದು."
"ಉಬ್ಬಿದ್ದು ಬೇಸಿಗೆಗೆ ಇಳಿಯುತ್ತದೆ.
ಇಳಿದದ್ದನ್ನು ನಾನು ಬರೆದಿಲ್ಲ."

ಟಾರ್ಚು ಇಸಿದುಕೊಂಡು ಲೋರಿಸ್ ಮಂಡಿಯೂರಿ ಕೂತ.
ನಮ್ಮ ಕೊಳವೆ ನೆಲಕ್ಕಿಳಿದು ಆರು ವರ್ಷ.
ಅದಕ್ಕೂ ಮೂವತ್ತು ವರ್ಷ ಮೊದಲಿನಿಂದ ಇಲ್ಲೊಬ್ಬ
ಬಾಗಿಲಲ್ಲಿ ಗುಡ್ಡದ ನಾಡಿ ಹಿಡಿದು ಕೂತಿದ್ದ.
ದೂರದಿಂದ ಎಷ್ಟು ನುಣ್ಣಗಿತ್ತು ಈ ಬೆಟ್ಟ,
ಕಚೇರಿಯ ಕಿಟಕಿಯಿಂದ.

"ಹಾಗಾದರೆ ನಾನು ಇಲ್ಲಿಂದ ಏಳಬೇಕೋ?"
ನನ್ನಲ್ಲಿದ್ದ ಉತ್ತರವೆಲ್ಲ ಮಿಲಿಮೀಟರಿನಲ್ಲಿ.
ಮಳೆ ಬಿಡದೆ ಹಿಡಿದ ವಾರ ತಂಗಿಯ ಮನೆಗೆ ಹೋಗಿ, ಅಂದೆ.
"ಅವಳದೂ ಕೆಂಪೇ," ಅಂದ. "ನೀವೇ ಬಳಿದದ್ದು."

ಕಚೇರಿಯಲ್ಲಿ ಕೋಷ್ಟಕ ತೆರೆದೆವು.
ಉಪಕರಣ ಏಳು. ಬಗೆ: ಬಾಗಿಲು, ಓಕ್.
ವೀಕ್ಷಕ: ಅದೆಲ್ಮೋ ಬಾರ್ತಲೂಚಿ.
ನಿಖರತೆ ಎಂಬಲ್ಲಿ ಬಹಳ ಹೊತ್ತು ತಡೆದು
ಲೋರಿಸ್ ತುಂಬಿದ: ಒಂದು ಬೆಂಕಿಕಡ್ಡಿ.
ಮೇಲಿನವರು ಇನ್ನೂ ಕೇಳಿಲ್ಲ ಅದೇನೆಂದು.

ಏಪ್ರಿಲಿನಲ್ಲಿ ಕಾರ್ಡು ಬಂತು, ದಪ್ಪ ದಪ್ಪ ಅಕ್ಷರ.
ಮತ್ತೆ ಕಚ್ಚಿದೆ. ಕೀಸಿಲ್ಲ, ನೀವು ನೋಡಲೆಂದು.
ವೈನು ಬಾಗಿಲಿನ ಆಚೆ, ನಾನು ಈಚೆ.
ಬೇಗ ಬನ್ನಿ.